ತಲೆಯ ಮೇಲೆ ಪುಸ್ತಕ ಹೊತ್ತು ನಡೆದ ಕಾದಂಬರಿಕಾರ: ಗಳಗನಾಥರ ಬದುಕು, ಕಥೆ ಬರೆಯುವವರಿಗೆ ಪಾಠ

ಕಥೆ ಬರೆಯಬೇಕೆಂಬ ಆಸೆ ಹೈಸ್ಕೂಲು, ಕಾಲೇಜಿನ ದಿನಗಳಲ್ಲಿ ಅನೇಕರಲ್ಲಿ ಮೂಡುತ್ತದೆ. ಆದರೆ ಆ ಆಸೆ ಬಹಳ ಜನರಲ್ಲಿ ಬಹಳ ದಿನ ಬಾಳುವುದಿಲ್ಲ. ಒಂದೆರಡು ಕಥೆ ಬರೆದು ಪತ್ರಿಕೆಗೆ ಕಳಿಸಿ, ಉತ್ತರ ಬರದಿದ್ದರೆ ಪೆನ್ನು ಕೆಳಗಿಡುವವರು ಕೆಲವರು. ಮನೆಯಲ್ಲಿ ಆಡುವುದು ಉರ್ದು, ಕನ್ನಡದಲ್ಲಿ ನಮ್ಮಿಂದ ಹೇಗೆ ಬರೆಯಲಾದೀತು ಎಂದು ಹಿಂಜರಿಯುವವರು ಇನ್ನು ಕೆಲವರು. ಮಲ್ಲಸಮುದ್ರದಂತಹ ಊರಿನ ಕಥೆಯನ್ನು ಯಾರು ಓದುತ್ತಾರೆ, ಅದಕ್ಕೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಟ್ಟಿರಬೇಕು ಎಂದು ತಿಳಿದವರೂ ಇದ್ದಾರೆ.

ಇಂತಹ ವಿದ್ಯಾರ್ಥಿ ಮಿತ್ರರು ಒಬ್ಬ ಹಿರಿಯರ ಬದುಕನ್ನು ತಿಳಿದುಕೊಳ್ಳುವುದು ಅಗತ್ಯ. ಅವರು ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರು, ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು, ಕನ್ನಡ ಶಾಲೆಯ ಮಾಸ್ತರರು. ಕನ್ನಡದಲ್ಲಿ ಕಾದಂಬರಿ ಎಂಬುದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಬರೆಯಲು ಕುಳಿತರು, ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟರು. ಅವುಗಳನ್ನು ಓದುವವರಿಲ್ಲ ಎಂದು ಕೈಕಟ್ಟಿ ಕೂಡದೆ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ನಡೆದರು. ಕನ್ನಡ ನಾಡು ಅವರನ್ನು ಕಾದಂಬರಿ ಪಿತಾಮಹ ಎಂದು ಗೌರವಿಸಿತು. ಅವರೇ ಗಳಗನಾಥರು. ಕಥೆ ಬರೆದಾಗ ಲೇಖಕನ ಕೆಲಸ ಮುಗಿಯುವುದಿಲ್ಲ, ಅದು ಓದುಗನ ಕೈ ಸೇರಿದಾಗಲೇ ಮುಗಿಯುತ್ತದೆ ಎಂಬ ಮಾತಿಗೆ ಅವರ ಬದುಕಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹುಟ್ಟೂರು ಮತ್ತು ಆ ಕಾಲ

ಗಳಗನಾಥ ಎಂಬುದು ಅವರ ಊರಿನ ಹೆಸರು. ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ನದಿಯು ತುಂಗಭದ್ರೆಯನ್ನು ಸೇರುವ ಸ್ಥಳದಲ್ಲಿ ಗಳಗನಾಥ ಎಂಬ ಹಳ್ಳಿಯಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದಾಗಿ ಅದು ಹೆಸರಾಗಿದೆ. ಅಲ್ಲಿ 1869ರ ಜನವರಿ 5ರಂದು ಅವರು ಹುಟ್ಟಿದರು. ಇಂದು ಆ ಊರು ಹಾವೇರಿ ಜಿಲ್ಲೆಯಲ್ಲಿದೆ. ಆಗ ಹಾವೇರಿಯೂ ಗದಗವೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಈ ಎರಡೂ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಆದ್ದರಿಂದ ಗಳಗನಾಥರು ನಮಗೆ ಪರ ಊರಿನವರಲ್ಲ.

ಅವರು ಬೆಳೆದ ಕಾಲದಲ್ಲಿ ಈ ಭಾಗದ ಕನ್ನಡದ ಸ್ಥಿತಿ ಚೆನ್ನಾಗಿರಲಿಲ್ಲ. ಸರಕಾರಿ ವ್ಯವಹಾರದಲ್ಲಿ, ವಿದ್ಯಾವಂತರ ಮನೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಓದು ಬಲ್ಲವರು ಮರಾಠಿ ಪುಸ್ತಕ, ಮರಾಠಿ ಪತ್ರಿಕೆ ಓದುತ್ತಿದ್ದರು, ಮರಾಠಿ ನಾಟಕ ನೋಡುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದು ದಾರಿ ತೆರೆದಿದ್ದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಗದಗಿನಲ್ಲಿ ಶಾಂತಕವಿಗಳೆಂಬ ಹೆಸರಿನಿಂದ ಬರೆಯುತ್ತಿದ್ದ ಸಕ್ಕರಿ ಬಾಳಾಚಾರ್ಯರು, ಅವರೂ ಶಾಲಾ ಮಾಸ್ತರರೇ, ಮರಾಠಿ ನಾಟಕಗಳಿಗೆ ಎದುರಾಗಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದರು. ಹೀಗೆ ಅಲ್ಲೊಂದು ಇಲ್ಲೊಂದು ದೀಪ ಹೊತ್ತಿಕೊಳ್ಳುತ್ತಿದ್ದ ಕಾಲ ಅದು. ಶಾಲೆಗಳು ಬಂದವು, ಓದಲು ಕಲಿತವರೂ ಬಂದರು. ಆದರೆ ಕಲಿತವರು ಸಂಜೆ ಹೊತ್ತು ಸಂತೋಷಕ್ಕಾಗಿ ಓದಲು ಕನ್ನಡದಲ್ಲಿ ಏನಿದೆ? ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟವರಲ್ಲಿ ಗಳಗನಾಥರು ಪ್ರಮುಖರು.

ಮಾಸ್ತರಿಕೆಯಿಂದ ಕಾದಂಬರಿಗೆ

ವೆಂಕಟೇಶರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ಪಡೆದು ಶಾಲಾ ಮಾಸ್ತರರಾದರು. ಆ ಕಾಲೇಜು ಉತ್ತರ ಕರ್ನಾಟಕದ ಕನ್ನಡ ಲೇಖಕರಿಗೆ ತವರುಮನೆಯಂತಿತ್ತು ಎಂದರೆ ತಪ್ಪಾಗಲಾರದು. ಮಾಸ್ತರಿಕೆಯ ಕೆಲಸವು ಅವರ ಬರವಣಿಗೆಗೆ ಅಡ್ಡಿಯಾಗಲಿಲ್ಲ, ನೆರವೇ ಆಯಿತು. ಹಳ್ಳಿಯ ಮಕ್ಕಳಿಗೆ ಪಾಠ ಹೇಳುವವನಿಗೆ ತಾನು ಹೇಳಿದ್ದು ಎದುರಿನವರಿಗೆ ತಿಳಿಯಿತೋ ಇಲ್ಲವೋ ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ. ತಿಳಿಯದಿದ್ದರೆ ಬೇರೆ ರೀತಿಯಲ್ಲಿ ಹೇಳಬೇಕು, ಉದಾಹರಣೆ ಕೊಡಬೇಕು, ಕಥೆ ಕಟ್ಟಿ ಹೇಳಬೇಕು. ಕೇಳುವವನನ್ನು ಎದುರಿಗೆ ಇಟ್ಟುಕೊಂಡು ಹೇಳುವ ಈ ಕ್ರಮ ಗಳಗನಾಥರ ಕಾದಂಬರಿಗಳಲ್ಲಿಯೂ ಕಾಣುತ್ತದೆ. ಅವರು ಕಥೆಯ ನಡುವೆ ಓದುಗರನ್ನು ಕೂಗಿ ಕರೆದು ಮಾತನಾಡಿಸುವವರು.

ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂದ ಈ ಕೃತಿಗೆ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ಅದೇ ಕಾಲದಲ್ಲಿ, 1899ರಲ್ಲಿ, ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಕರೆಯುತ್ತಾರೆ. ಹಳೆಯ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಬಾಗಲಕೋಟೆಯ ವಕೀಲರಾದ ಕೆರೂರು ವಾಸುದೇವಾಚಾರ್ಯರು ಕಾದಂಬರಿಯ ಜೊತೆಗೆ ಸಣ್ಣಕಥೆಗಳಿಗೂ ಕೈ ಹಾಕಿದರು. ಮಂಗಳೂರು, ಮೈಸೂರು, ಬಾಗಲಕೋಟೆ, ಹಾವೇರಿ ಹೀಗೆ ನಾಡಿನ ನಾಲ್ಕು ಮೂಲೆಗಳಲ್ಲಿ ಕೆಲವೇ ಜನ ಕುಳಿತು ಒಂದು ಹೊಸ ಸಾಹಿತ್ಯ ಪ್ರಕಾರಕ್ಕೆ ಬುನಾದಿ ಹಾಕುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬೇರೆ ಉದ್ಯೋಗ ಮಾಡುತ್ತಲೇ ಬರೆದವರು ಎಂಬುದನ್ನು ನಾವು ಗಮನಿಸಬೇಕು.

ಎರಡು ಭಾಷೆಗಳ ಲಾಭ

ಗಳಗನಾಥರು ಕಾದಂಬರಿಯ ಕಸುಬನ್ನು ಕಲಿತದ್ದು ಹೇಗೆ? ಕನ್ನಡದಲ್ಲಿ ಅವರ ಮುಂದೆ ಮಾದರಿಗಳು ಹೆಚ್ಚಿರಲಿಲ್ಲ. ಅವರು ಮರಾಠಿಯನ್ನು ಚೆನ್ನಾಗಿ ಬಲ್ಲವರು. ಮರಾಠಿಯಲ್ಲಿ ಆಗ ಹರಿ ನಾರಾಯಣ ಆಪಟೆಯವರು (1864-1919) ಐತಿಹಾಸಿಕ ಮತ್ತು ಸಾಮಾಜಿಕ ಕಾದಂಬರಿಗಳಿಂದ ಮನೆಮಾತಾಗಿದ್ದರು. ಗಳಗನಾಥರು ಆಪಟೆಯವರ ಕಾದಂಬರಿಗಳನ್ನು ಓದಿದರು, ಕನ್ನಡಕ್ಕೆ ತಂದರು. ಅವರ ಬಹಳಷ್ಟು ಕಾದಂಬರಿಗಳು ಹೀಗೆ ಮರಾಠಿಯಿಂದ ಬಂದವು ಅಥವಾ ಅದರ ಆಧಾರದ ಮೇಲೆ ರಚಿತವಾದವು.

ಭಾಷಾಂತರವೆಂದರೆ ಎರಡನೆಯ ದರ್ಜೆಯ ಕೆಲಸ ಎಂದು ಕೆಲವರು ತಿಳಿಯುತ್ತಾರೆ. ಆದರೆ ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಒಂದು ಒಳ್ಳೆಯ ಕಥೆಯನ್ನು ಓದುವಾಗ ನಾವು ಅದರ ಓಟದಲ್ಲಿ ಕೊಚ್ಚಿಹೋಗುತ್ತೇವೆ. ಅದನ್ನೇ ಸಾಲು ಸಾಲಾಗಿ ಇನ್ನೊಂದು ಭಾಷೆಗೆ ತರಲು ಕುಳಿತಾಗ, ಲೇಖಕನು ಪಾತ್ರವನ್ನು ಎಲ್ಲಿ ತಂದು ನಿಲ್ಲಿಸಿದ, ಯಾವ ಸಂಗತಿಯನ್ನು ಮೊದಲು ಹೇಳಿದ, ಯಾವುದನ್ನು ಮುಚ್ಚಿಟ್ಟ, ಅಧ್ಯಾಯವನ್ನು ಯಾವ ಘಟ್ಟದಲ್ಲಿ ನಿಲ್ಲಿಸಿದ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸಿದವನಿಗೆ ಅದರ ಒಳಗು ತಿಳಿಯುವಂತೆ ಇದು.

ಈ ಮಾತು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಅನ್ವಯಿಸುತ್ತದೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ ಎಂಬ ಪರಿಸರದಲ್ಲಿ ಬೆಳೆದವರು ಇದನ್ನು ಕೊರತೆ ಎಂದು ಭಾವಿಸಬಾರದು. ಗಳಗನಾಥರಿಗೆ ಮರಾಠಿ ಯಾವ ಲಾಭ ಕೊಟ್ಟಿತೋ ಅದನ್ನು ಉರ್ದು ನಮಗೆ ಕೊಡಬಲ್ಲದು. ಉರ್ದು, ಹಿಂದಿ ಎರಡರಲ್ಲೂ ಮೇರು ಲೇಖಕರಾದ ಪ್ರೇಮಚಂದರ (1880-1936) ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅವರ ನಿಜನಾಮ ಧನಪತ್ ರಾಯ್. ಬಾಲ್ಯದಲ್ಲಿ ಮೌಲವಿಯವರ ಬಳಿ ಉರ್ದು, ಪಾರಸಿ ಕಲಿತು, ನವಾಬ್ ರಾಯ್ ಎಂಬ ಹೆಸರಿನಲ್ಲಿ ಉರ್ದುವಿನಲ್ಲೇ ಬರವಣಿಗೆ ಆರಂಭಿಸಿದರು. ಅವರ ‘ಸೋಜ್-ಎ-ವತನ್’ ಕಥಾಸಂಕಲನವನ್ನು ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿಕೊಂಡ ಮೇಲೆ ಪ್ರೇಮಚಂದ ಎಂಬ ಹೆಸರಿನಿಂದ ಬರೆದರು, ಮುಂದೆ ಹಿಂದಿಗೂ ಬಂದರು. ಅವರೂ ಶಾಲಾ ಶಿಕ್ಷಕರೇ. ಈದ್ ದಿನ ಜಾತ್ರೆಗೆ ಹೋದ ಬಡ ಹುಡುಗ ಹಾಮಿದ್ ಆಟಿಕೆ ಕೊಳ್ಳದೆ ಅಜ್ಜಿಗಾಗಿ ಚಿಮಟ ತರುವ ‘ಈದ್‌ಗಾಹ್’ ಕಥೆಯನ್ನು ನಮ್ಮಲ್ಲಿ ಓದದವರು ಕಡಿಮೆ. ಅಂತಹ ಒಂದು ಕಥೆಯನ್ನು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಕನ್ನಡದಲ್ಲಿ ಬರೆದು ನೋಡಿ. ಕಥೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಹತ್ತು ಉಪನ್ಯಾಸಗಳಿಗಿಂತ ಅದು ಚೆನ್ನಾಗಿ ಕಲಿಸುತ್ತದೆ.

ಸದ್ಬೋಧ ಚಂದ್ರಿಕೆ: ತಿಂಗಳ ಕಟ್ಟುಪಾಡು

ಗಳಗನಾಥರ ಬದುಕಿನ ದೊಡ್ಡ ತಿರುವು ಅಗಡಿಯಲ್ಲಿ ಬಂದಿತು. ಹಾವೇರಿಯ ಬಳಿಯ ಅಗಡಿ ಗ್ರಾಮದಲ್ಲಿ ಶೇಷಾಚಲ ಸದ್ಗುರುಗಳ ಆನಂದವನ ಎಂಬ ಆಶ್ರಮವಿದೆ. ಅಲ್ಲಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಆರಂಭವಾಯಿತು. ಮಾಸ್ತರಿಕೆಯನ್ನು ಬಿಟ್ಟ ಗಳಗನಾಥರು ಈ ಪತ್ರಿಕೆಯ ಬೆನ್ನೆಲುಬಾದರು. ತಿಂಗಳ ಸಂಬಳ ಬರುವ ಕೆಲಸವನ್ನು ಬಿಟ್ಟು, ಓದುಗರ ಚಂದಾ ಹಣವನ್ನು ನಂಬಿದ ಕೆಲಸಕ್ಕೆ ಬರುವುದು ಆ ಕಾಲದಲ್ಲಿ ಸಣ್ಣ ಧೈರ್ಯದ ಮಾತಲ್ಲ.

ಪತ್ರಿಕೆಯಲ್ಲಿ ನೀತಿಬೋಧೆಯ ಲೇಖನಗಳ ಜೊತೆಗೆ ಅವರ ಕಾದಂಬರಿಗಳು ಕಂತುಗಳಾಗಿ ಬಂದವು. ಮುಂದಿನ ಕಂತಿಗಾಗಿ ಜನ ಕಾಯತೊಡಗಿದರು. ಅದುವರೆಗೆ ಕನ್ನಡ ಪುಸ್ತಕವನ್ನು ಮುಟ್ಟದಿದ್ದವರೂ, ಮನೆಯ ಹೆಣ್ಣುಮಕ್ಕಳೂ ಓದುಗರಾದರು. ಗಳಗನಾಥರು ಕಾದಂಬರಿಗಳನ್ನಷ್ಟೇ ಅಲ್ಲ, ಕಾದಂಬರಿಯ ಓದುಗರನ್ನೂ ಸೃಷ್ಟಿಸಿದರು ಎಂದು ವಿಮರ್ಶಕರು ಹೇಳುವುದು ಇದಕ್ಕಾಗಿಯೇ. ಉತ್ತರ ಕರ್ನಾಟಕದ ಮುಂದಿನ ತಲೆಮಾರಿನ ಅನೇಕ ಲೇಖಕರು ಬಾಲ್ಯದಲ್ಲಿ ಗಳಗನಾಥರ ಕಾದಂಬರಿಗಳನ್ನು ಓದಿ ಬೆಳೆದವರು.

ಕಂತುಗಳಲ್ಲಿ ಬರೆಯುವವನಿಗೆ ಸ್ಫೂರ್ತಿ ಬರಲೆಂದು ಕಾಯುವ ಅವಕಾಶವಿರುವುದಿಲ್ಲ. ತಿಂಗಳು ಮುಗಿಯುವುದರೊಳಗೆ ಕಂತು ಸಿದ್ಧವಾಗಬೇಕು, ಮುದ್ರಣಕ್ಕೆ ಹೋಗಬೇಕು, ಅಂಚೆಗೆ ಬೀಳಬೇಕು. ಮನಸ್ಸಿದ್ದಾಗ ಬರೆಯುವುದಕ್ಕೂ ಬರೆಯಬೇಕಾದಾಗ ಬರೆಯುವುದಕ್ಕೂ ಇರುವ ವ್ಯತ್ಯಾಸವೇ ಹವ್ಯಾಸಿಗೂ ಲೇಖಕನಿಗೂ ಇರುವ ವ್ಯತ್ಯಾಸ. ಗಳಗನಾಥರ ಕೃತಿಗಳ ಸಂಖ್ಯೆಯ ಹಿಂದೆ ಈ ಶಿಸ್ತು ಇದೆ. ಕಾದಂಬರಿಗಳಲ್ಲದೆ ಪೌರಾಣಿಕ ಕಥನಗಳು, ಚರಿತ್ರೆಗಳು, ಪ್ರಬಂಧಗಳು ಅವರ ಲೇಖನಿಯಿಂದ ಬಂದವು.

ಪತ್ರಿಕೆಯ ಕಂತು ಲೇಖಕನನ್ನು ಬೆಳೆಸುವ ಈ ಪರಂಪರೆ ನಮ್ಮ ಕಾಲದವರೆಗೂ ಬಂದಿದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ (1936-2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಓದುಗರ ಮನಸ್ಸನ್ನು ಕಲಕಿತು. ಅವರ ಮನೆಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ.

ಪುಸ್ತಕದ ಗಂಟು

ಬರೆದದ್ದು ಪುಸ್ತಕವಾಯಿತು. ಆದರೆ ಅದನ್ನು ಕೊಳ್ಳುವವರು ಯಾರು? ಆಗ ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಗಳಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ಊರಿಂದೂರಿಗೆ ನಡೆದರು. ಮನೆ ಮನೆಗೆ ಹೋಗಿ ಓದುವವರನ್ನು ಹುಡುಕಿ ಪುಸ್ತಕ ಕೊಟ್ಟರು. ಹಳೆಯ ಮೈಸೂರು ಸೀಮೆಗೂ ಹೀಗೆಯೇ ಹೋದರು. ಹೆಸರಾದ ಕಾದಂಬರಿಕಾರ, ಪತ್ರಿಕೆಯ ಸಂಪಾದಕ, ಮಾಸ್ತರರಾಗಿ ಗೌರವ ಪಡೆದವರು ತಲೆಹೊರೆ ಹೊತ್ತು ಬಾಗಿಲಿಗೆ ಬಂದರೆ ನೋಡಿದವರಿಗೆ ಹೇಗೆನಿಸಿರಬೇಕು! ಆದರೆ ಅವರು ಅದನ್ನು ಅವಮಾನವೆಂದು ಎಣಿಸಲಿಲ್ಲ. ಪುಸ್ತಕ ಮಾರುವುದನ್ನೂ ಕನ್ನಡದ ಕೆಲಸವೆಂದೇ ತಿಳಿದರು.

ಇದರಿಂದ ಅವರು ಶ್ರೀಮಂತರಾಗಲಿಲ್ಲ. ಕಷ್ಟವೇ ಅವರ ಸಂಗಾತಿಯಾಗಿತ್ತು. ಆದರೆ ಇಂತಹ ತಿರುಗಾಟದಿಂದ ಲೇಖಕನಿಗೆ ಹಣಕ್ಕಿಂತ ದೊಡ್ಡ ಲಾಭವೊಂದಿದೆ. ತನ್ನ ಪುಸ್ತಕವನ್ನು ಓದುವವರು ಯಾರು, ಅವರ ಮನೆ ಎಂತಹದು, ಅವರ ಮಾತು ಹೇಗಿದೆ ಎಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಮೇಜಿನ ಮುಂದೆ ಕುಳಿತು ಊಹಿಸಿಕೊಂಡ ಓದುಗನಿಗೂ ಕಟ್ಟೆಯ ಮೇಲೆ ಕುಳಿತು ಪುಟ ತಿರುವುವ ಓದುಗನಿಗೂ ಬಹಳ ಅಂತರವಿದೆ.

ಸ್ವತಂತ್ರ ಕೃತಿಯ ಸಾಹಸ

ಮರಾಠಿಯ ನೆರಳಿನಲ್ಲಿ ಕಸುಬು ಕಲಿತ ಗಳಗನಾಥರು ಮುಂದೆ ಕನ್ನಡ ನಾಡಿನ ಇತಿಹಾಸವನ್ನೇ ಆಧರಿಸಿ ‘ಮಾಧವ ಕರುಣಾ ವಿಲಾಸ’ ಎಂಬ ದೊಡ್ಡ ಕಾದಂಬರಿಯನ್ನು ರಚಿಸಿದರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆ ಮತ್ತು ವಿದ್ಯಾರಣ್ಯರು ಇದರ ವಸ್ತು. ಅವರ ಕೃತಿಗಳಲ್ಲಿ ಇದನ್ನು ಶ್ರೇಷ್ಠವೆಂದು ಎಣಿಸುತ್ತಾರೆ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಕನ್ನಡಿಗರನ್ನು ಎಚ್ಚರಿಸಿದ ಕಾಲ ಅದು. ಚದುರಿಹೋದ ಕನ್ನಡಿಗರಿಗೆ ತಮ್ಮದೊಂದು ದೊಡ್ಡ ಇತಿಹಾಸವಿತ್ತು ಎಂದು ಕಥೆಯ ಮೂಲಕ ತಿಳಿಸುವುದು ಗಳಗನಾಥರ ಉದ್ದೇಶವಾಗಿತ್ತು. 1956ರ ಏಕೀಕರಣವನ್ನು ಕಾಣಲು ಅವರು ಬದುಕಿರಲಿಲ್ಲ. 1942ರ ಏಪ್ರಿಲ್ 22ರಂದು ನಿಧನರಾದರು.

ಇತಿಮಿತಿಗಳಿಂದಲೂ ಕಲಿಯಬೇಕು

ಹಿರಿಯರನ್ನು ಗೌರವಿಸುವುದೆಂದರೆ ಅವರ ಬರಹದಲ್ಲಿರುವ ಎಲ್ಲವನ್ನೂ ಒಪ್ಪುವುದು ಎಂದಲ್ಲ. ಗಳಗನಾಥರ ಕಾದಂಬರಿಗಳಲ್ಲಿ ಉಪದೇಶ ಹೆಚ್ಚು. ಕಥೆ ನಿಂತು ನೀತಿಪಾಠ ಆರಂಭವಾಗುತ್ತದೆ. ಒಳ್ಳೆಯವರು ಸಂಪೂರ್ಣ ಒಳ್ಳೆಯವರು, ಕೆಟ್ಟವರು ಸಂಪೂರ್ಣ ಕೆಟ್ಟವರು ಎಂಬಂತೆ ಪಾತ್ರಗಳು ಬರುತ್ತವೆ. ಕನ್ನಡ ಕಾದಂಬರಿ ಬಾಲ್ಯದಲ್ಲಿದ್ದಾಗ ಇದು ಸಹಜವೇ ಆಗಿತ್ತು. ಇಂದು ಬರೆಯುವವರು ನೀತಿಯನ್ನು ಬಾಯಿಂದ ಹೇಳದೆ ಪಾತ್ರದ ನಡತೆಯಿಂದ ತೋರಿಸಬೇಕು. ಹಾಮಿದನ ಅಜ್ಜಿಯ ಕಣ್ಣಲ್ಲಿ ನೀರು ಬಂದಾಗ ಓದುಗನಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ಮುಕ್ತ ಮನಸ್ಸಿನಿಂದ ನೋಡಬೇಕು. 1565ರಲ್ಲಿ ವಿಜಯನಗರ ಸೋತ ಪ್ರಸಂಗವನ್ನು ಕುರಿತ ‘ಕನ್ನಡಿಗರ ಕರ್ಮಕಥೆ’ ಅವರ ಪ್ರಸಿದ್ಧ ಕೃತಿ. ಅದೂ ಆಪಟೆಯವರ ಮರಾಠಿ ಕಾದಂಬರಿಯನ್ನು ಆಧರಿಸಿದ್ದು. ರಾಮರಾಯನ ಬದುಕಿನೊಂದಿಗೆ ಹೆಣೆದುಕೊಂಡ ಮೆಹರ್‌ಜಾನ್ ಎಂಬ ಮುಸ್ಲಿಂ ಹೆಣ್ಣುಮಗಳು ಅದರಲ್ಲಿ ಮುಖ್ಯ ಪಾತ್ರ. ಆ ಕಾಲದ ಐತಿಹಾಸಿಕ ಕಾದಂಬರಿಗಳು ಸಾಮಾನ್ಯವಾಗಿ ರಾಜರ ಯುದ್ಧವನ್ನು ಎರಡು ಧರ್ಮಗಳ ಯುದ್ಧವೆಂಬಂತೆ ಚಿತ್ರಿಸಿದವು. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರೂ ಸುಲ್ತಾನರ ಕಡೆ ಹಿಂದೂ ಸರದಾರರೂ ಇದ್ದರೆಂಬುದು ಇತಿಹಾಸ ತಿಳಿದವರಿಗೆಲ್ಲ ಗೊತ್ತಿರುವ ಸಂಗತಿ. ಕಾದಂಬರಿಯನ್ನು ಕಾದಂಬರಿಯೆಂದೇ ಓದಬೇಕು, ಇತಿಹಾಸಕ್ಕೆ ಇತಿಹಾಸದ ಗ್ರಂಥಗಳನ್ನೇ ನೋಡಬೇಕು. ನಾವು ಬರೆಯುವಾಗ ನಮ್ಮವರಲ್ಲದ ಪಾತ್ರಕ್ಕೂ ಹೃದಯವನ್ನು ಕೊಡಬೇಕು. ನಮ್ಮ ಕಥೆಯಲ್ಲಿ ನೆರೆಯವನು ಹೇಗೆ ಬರುತ್ತಾನೆ ಎಂಬುದು ನಮ್ಮ ಪ್ರಾಮಾಣಿಕತೆಯ ಪರೀಕ್ಷೆ. ನಮ್ಮನ್ನು ಇತರರು ಸರಿಯಾಗಿ ಚಿತ್ರಿಸಲಿಲ್ಲ ಎಂದು ದೂರುವುದರಿಂದ ಉಪಯೋಗವಿಲ್ಲ, ನಮ್ಮ ಬದುಕನ್ನು ನಾವೇ ಬರೆಯುವುದು ಅದಕ್ಕೆ ಸರಿಯಾದ ಉತ್ತರ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಮೊದಲಾದವರು ಮಾಡಿದ್ದು ಇದನ್ನೇ.

ಕಥೆ ಬರೆಯುವವರಿಗೆ ಕೆಲವು ಒಳ್ಳೆಯ ಅಭ್ಯಾಸಗಳು

ಗಳಗನಾಥರ ಬದುಕಿನ ಬೆಳಕಿನಲ್ಲಿ, ಕಥೆ ಬರೆಯಬೇಕೆನ್ನುವ ವಿದ್ಯಾರ್ಥಿಗಳು ಈ ಕೆಳಗಿನ ಅಭ್ಯಾಸಗಳನ್ನು ರೂಢಿಸಿಕೊಳ್ಳಬಹುದು.

1. ಬರೆಯುವುದಕ್ಕಿಂತ ಹೆಚ್ಚು ಓದಿ. ಒಂದು ಕಥೆ ಬರೆಯುವ ಮುನ್ನ ಹತ್ತು ಒಳ್ಳೆಯ ಕಥೆಗಳನ್ನು ಓದಿರಬೇಕು. ಮೊದಲ ಸಲ ಸಂತೋಷಕ್ಕಾಗಿ, ಎರಡನೆಯ ಸಲ ಕಲಿಯುವುದಕ್ಕಾಗಿ ಓದಿ. ಕಥೆ ಎಲ್ಲಿಂದ ಆರಂಭವಾಯಿತು, ಎಲ್ಲಿ ನಿಂತಿತು ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ.

2. ಬಲ್ಲ ಭಾಷೆಯಿಂದ ಭಾಷಾಂತರ ಮಾಡಿ. ಉರ್ದು ಅಥವಾ ಹಿಂದಿಯ ಒಂದು ಸಣ್ಣ ಕಥೆಯನ್ನು ತಿಂಗಳಿಗೊಮ್ಮೆ ಕನ್ನಡಕ್ಕೆ ತನ್ನಿ. ಅದು ಅಭ್ಯಾಸಕ್ಕಾಗಿ. ಪ್ರಕಟಿಸುವುದಾದರೆ ಮೂಲ ಲೇಖಕರ ಹೆಸರು ಹಾಕಬೇಕು, ಹಕ್ಕು ಇರುವವರ ಅನುಮತಿ ಪಡೆಯಬೇಕು. ಬೇರೆಯವರ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವುದು ಕಳ್ಳತನ.

3. ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಗಿನ ಅರ್ಧ ಗಂಟೆಯಾದರೂ ಸಾಕು. ದಿನಕ್ಕೆ ಒಂದು ಪುಟ ಬರೆದರೆ ವರ್ಷಕ್ಕೆ 365 ಪುಟ. ಅದರಲ್ಲಿ ಮುನ್ನೂರು ಪುಟ ಹರಿದು ಹಾಕಿದರೂ ಒಂದು ಸಣ್ಣ ಪುಸ್ತಕಕ್ಕಾಗುವಷ್ಟು ಉಳಿಯುತ್ತದೆ.

4. ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರಲಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿದ ಒಂದು ಮಾತು, ಕಂಡ ಒಂದು ಮುಖ, ಒಂದು ಅಡ್ಡಹೆಸರು, ಒಂದು ಗಾದೆ ಎಲ್ಲವನ್ನೂ ಬರೆದಿಡಿ. ಮೊಬೈಲಿನಲ್ಲಿ ಬರೆದಿಟ್ಟರೂ ಸರಿಯೇ. ಆದರೆ ನಿಜವಾದ ವ್ಯಕ್ತಿಗಳ ಗುಟ್ಟನ್ನು ಅವರ ಗುರುತು ಸಿಗುವಂತೆ ಕಥೆಯಲ್ಲಿ ಬಯಲು ಮಾಡಬೇಡಿ.

5. ನಿಮ್ಮ ಊರನ್ನೇ ಬರೆಯಿರಿ. ಬೆಟಗೇರಿಯ ನೇಕಾರರ ಓಣಿ, ಗದಗಿನ ಮುದ್ರಣಾಲಯಗಳು, ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ಮತ್ತು ಸೋಮೇಶ್ವರ ದೇವಾಲಯ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಊರವರೆಲ್ಲ ಸೇರಿ ರಿವಾಯತ್ ಪದ ಹಾಡುವ ಮೊಹರಂ ರಾತ್ರಿ ಇವೆಲ್ಲ ನಮ್ಮ ಸುತ್ತಲೇ ಇವೆ. ಮಳೆ ಕೈಕೊಟ್ಟ ವರ್ಷ ದುಡಿಯಲು ಊರು ಬಿಟ್ಟು ಹೋದ ಮನೆಯ ಕಥೆಯೂ ಇಲ್ಲಿದೆ. ಕಾಣದ ಊರಿನ ಕಲ್ಪನೆಗಿಂತ ಕಂಡ ಊರಿನ ನಿಜ ಹೆಚ್ಚು ಬಲವಾದದ್ದು.

6. ಪಾತ್ರಗಳು ತಮ್ಮ ಮಾತನ್ನೇ ಆಡಲಿ. ಮನೆಯ ಅಮ್ಮಿ ಒಂದು ರೀತಿ, ಪೇಟೆಯ ಸಾಹುಕಾರ ಒಂದು ರೀತಿ, ಶಾಲೆಯ ಮಾಸ್ತರ ಒಂದು ರೀತಿ ಮಾತಾಡುತ್ತಾರೆ. ನಮ್ಮ ಭಾಗದ ಕನ್ನಡವನ್ನು ಅಶುದ್ಧವೆಂದು ತಿದ್ದಲು ಹೋಗಬೇಡಿ. ಆದರೆ ಬೇರೆ ಭಾಗದ ಓದುಗನಿಗೂ ಅರ್ಥವಾಗುವಂತೆ ಬಳಸಬೇಕು.

7. ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸುವ ವಾಕ್ಯವನ್ನು ಕತ್ತರಿಸಿ. ಮನೆಯವರಿಗೆ, ಗೆಳೆಯರಿಗೆ ಓದಿ ಹೇಳಿ. ಅವರ ಹೊಗಳಿಕೆಯನ್ನು ಹೆಚ್ಚು ನಂಬಬೇಡಿ, ಯಾವ ಜಾಗದಲ್ಲಿ ಅವರ ಗಮನ ಬೇರೆ ಕಡೆ ಹೋಯಿತು ಎಂಬುದನ್ನು ನೋಡಿ. ಕಥೆಯ ದೋಷ ಅಲ್ಲಿಯೇ ಇದೆ.

8. ಒಮ್ಮೆ ಬರೆದು ಮುಗಿಸಬೇಡಿ. ಕಥೆಯನ್ನು ಹದಿನೈದು ದಿನ ಬದಿಗಿಟ್ಟು ಮತ್ತೆ ತೆಗೆಯಿರಿ. ಆಗ ಅದು ಬೇರೆಯವರು ಬರೆದಂತೆ ಕಾಣುತ್ತದೆ, ತಪ್ಪುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಮೊದಲ ಅರ್ಧ ಪುಟ ಮತ್ತು ಕೊನೆಯ ನಾಲ್ಕು ಸಾಲು ಇಲ್ಲದಿದ್ದರೂ ಕಥೆ ನಡೆಯುತ್ತದೆ.

9. ಕಥೆಯನ್ನು ಓದುಗನ ಬಳಿಗೆ ಕೊಂಡೊಯ್ಯಿರಿ. ಕಾಲೇಜಿನ ಗೋಡೆ ಪತ್ರಿಕೆ, ಸಂಘದ ವಾರ್ಷಿಕ ಸಂಚಿಕೆ, ಸ್ಥಳೀಯ ಪತ್ರಿಕೆ ಇವು ಮೊದಲ ಮೆಟ್ಟಿಲು. ನಂತರ ನಾಡಿನ ಪತ್ರಿಕೆಗಳಿಗೂ ಕಥಾಸ್ಪರ್ಧೆಗಳಿಗೂ ಕಳಿಸಿ. ಅವರ ನಿಯಮಗಳನ್ನು ಓದಿ, ಪದಗಳ ಮಿತಿ ಪಾಲಿಸಿ, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡಿ. ತಿರಸ್ಕೃತವಾದರೆ ಇನ್ನೊಮ್ಮೆ ತಿದ್ದಿ, ಆ ಹೊತ್ತಿಗೆ ಮುಂದಿನ ಕಥೆ ಆರಂಭವಾಗಿರಲಿ.

10. ಹೊಟ್ಟೆಪಾಡಿನ ದಾರಿಯನ್ನು ಬಿಡಬೇಡಿ. ಓದು, ಉದ್ಯೋಗಗಳ ಜೊತೆಗೇ ಬರವಣಿಗೆ ಸಾಗಲಿ. ಗಳಗನಾಥರು ಕೆಲಸ ಬಿಟ್ಟರೂ ಅದಕ್ಕೆ ಮೊದಲು ಮಾಸ್ತರಿಕೆ ಮಾಡುತ್ತಲೇ ಬರೆಯುವ ಕಸುಬನ್ನು ಕೈವಶ ಮಾಡಿಕೊಂಡಿದ್ದರು.

ನಮ್ಮ ಸರದಿ

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾಡೆಲ್ಲ ಸಂತೋಷಪಟ್ಟಿತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಬಾನು ಅವರ ಮನೆಮಾತು ಉರ್ದು, ಕಲಿತದ್ದು ಕನ್ನಡ ಶಾಲೆಯಲ್ಲಿ. ಆ ಪುಸ್ತಕದ ಹನ್ನೆರಡು ಕಥೆಗಳು ಮೂವತ್ತು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಬರೆದವು. ನಮ್ಮ ಮನೆಗಳಲ್ಲಿ ಕಾಣುವಂತಹ ತಾಯಂದಿರು, ಹೆಣ್ಣುಮಕ್ಕಳೇ ಆ ಕಥೆಗಳಲ್ಲಿದ್ದಾರೆ. ಪ್ರಶಸ್ತಿಯ ಸುದ್ದಿ ಒಂದು ದಿನದ್ದು, ಅದರ ಹಿಂದಿನ ಬರವಣಿಗೆ ಮೂರು ದಶಕಗಳದ್ದು ಎಂಬುದನ್ನು ಮರೆಯಬಾರದು.

ಗಳಗನಾಥರ ಕಾಲದಲ್ಲಿ ಕನ್ನಡ ಕಥೆಗೆ ಓದುಗರನ್ನು ಹುಡುಕಿಕೊಂಡು ಮೈಲುಗಟ್ಟಲೆ ನಡೆಯಬೇಕಿತ್ತು. ಇಂದು ಕೈಯಲ್ಲಿರುವ ಫೋನಿನಿಂದ ಕ್ಷಣದಲ್ಲಿ ಸಾವಿರ ಜನರಿಗೆ ಕಥೆ ಮುಟ್ಟಿಸಬಹುದು. ಹೊರೆ ಹಗುರವಾಗಿದೆ, ಆದರೆ ಹೊಣೆ ಹಗುರವಾಗಿಲ್ಲ. ಸಾವಿರ ಜನರ ಮುಂದೆ ಇಡುವ ಮೊದಲು ಆ ಕಥೆ ಇಡಲು ಯೋಗ್ಯವಾಗಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಹಾವೇರಿ ಸೀಮೆಯ ಒಬ್ಬ ಬಡ ಮಾಸ್ತರರು ನೂರು ವರ್ಷಗಳ ಹಿಂದೆ ಯಾವ ಅನುಕೂಲವೂ ಇಲ್ಲದೆ ಅಷ್ಟು ಮಾಡಿದರು. ಇಷ್ಟು ಅನುಕೂಲವಿರುವ ನಮ್ಮ ಮಕ್ಕಳು ಈ ವರ್ಷ ಒಂದು ಕಥೆಯನ್ನಾದರೂ ಮನಸ್ಸಿಟ್ಟು ಬರೆದು, ತಿದ್ದಿ, ಮುಂದಿನ ಸಂಚಿಕೆಗೆ ಕೊಡಲಿ. ಆ ಕಥೆಯನ್ನು ಮೊದಲು ಓದುವ ಸಂತೋಷ ಸಂಘದ ಹಿರಿಯರಾದ ನಮ್ಮದಾಗಲಿ.